ಹಾರ್ಲೆಮಿನ ಗ್ರಂಥಾಲಯವೂ ಕಪ್ಪು ಲೇಖಕರ ಸಾಹಿತ್ಯ ಪರಂಪರೆಯೂ

೧

ಫಿಲಿಸ್ ವೀಟ್ಲಿಯವರ ಕವನಸಂಗ್ರಹ ೧೭೭೩ರಲ್ಲಿ ಲಂಡನ್ ನಗರದಲ್ಲಿ ಅಚ್ಚಾಯಿತು. ಬಾಲ್ಯದಲ್ಲಿಯೇ ಆಫ್ರಿಕದಿಂದ ಅಪಹೃತರಾಗಿ, ಬಾಸ್ಟನ್ನಿನ ಮನೆತನವೊಂದಕ್ಕೆ ಗುಲಾಮರಾಗಿ ಮಾರಲ್ಪಟ್ಟ ತರುಣಿ ಈಕೆ. ಕವನಗಳಿಗೆ ಮೊದಲು ಆ ಪುಸ್ತಕದಲ್ಲಿ ಒಂದು ಪ್ರಮಾಣಪತ್ರವಿದೆ. ಬಾಸ್ಟನ್ನಿನ ೧೮ ಮಂದಿ ಗಣ್ಯರು ಅದಕ್ಕೆ ಸಹಿ ಹಾಕಿ, ಈ ಪದ್ಯಗಳನ್ನು ಬರೆದವರು ಈಕೆಯೇ ಎಂದು ಓದುಗರಿಗೆ ಭರವಸೆಯಿತ್ತಿದ್ದಾರೆ. ಕವಿಯ ಯೋಗ್ಯತೆಯನ್ನು ಕಾವ್ಯದಿಂದ ಅಳೆಯುವುದು ಸಾಹಿತ್ಯಲೋಕದ ಸಾಮಾನ್ಯ ನಿಯಮ. ಇಲ್ಲಿಯಾದರೋ ಕಾವ್ಯವನ್ನು ಓದುವುದಕ್ಕೆ ಮುಂಚೆಯೇ ಕವಿಯ ಪರವಾಗಿ ಅನ್ಯರು ಸಾಕ್ಷಿ ನುಡಿಯಬೇಕಾಯಿತು. ಅಮೆರಿಕದ ಕಪ್ಪು ಲೇಖಕರ ಸಾಹಿತ್ಯ ಬಹುಕಾಲ ಹೊತ್ತು ನಡೆದ ಹೊರೆ ಇದು.

ಈ ಹೊರೆಯನ್ನು ಇಳಿಸಲು ಶ್ರಮಿಸಿದ ಕವಿಗಳ, ಕಾದಂಬರಿಕಾರರ, ಪತ್ರಿಕಾಸಂಪಾದಕರ ಕಾರ್ಯವನ್ನು ಸಾಹಿತ್ಯಚರಿತ್ರೆಗಳು ವಿಸ್ತಾರವಾಗಿ ನಿರೂಪಿಸಿವೆ. ಅವರೊಡನೆ ಎಣಿಸಬೇಕಾದ ಇನ್ನೊಂದು ಶಕ್ತಿಯೆಂದರೆ ನ್ಯೂಯಾರ್ಕ್ ನಗರದ ಹಾರ್ಲೆಮ್ ಪ್ರದೇಶದ ಒಂದು ಸಾರ್ವಜನಿಕ ಗ್ರಂಥಾಲಯ. ಗ್ರಂಥಾಲಯವು ಲೇಖಕನನ್ನು ಗೌರವಿಸುವ ಮುಖ್ಯವಾದ ಬಗೆ ಸಂಗ್ರಹ, ವರ್ಗೀಕರಣ, ಸೂಚೀರಚನೆ ಎಂಬ ನಿತ್ಯದ ಕೆಲಸಗಳಲ್ಲಿದೆ. ಈ ಕೆಲಸಗಳು ಸ್ವತಃ ವಿಮರ್ಶೆಯ ಅಂಗಗಳು. ಈ ಮಾತನ್ನು ಆ ಗ್ರಂಥಾಲಯದ ಚರಿತ್ರೆಯಿಂದಲೂ ಅದರ ಸಂಪರ್ಕವಿದ್ದ ಲೇಖಕರ ಕೃತಿಗಳಿಂದಲೂ ಸಮರ್ಥಿಸುವುದು ಪ್ರಕೃತ ಲೇಖನದ ಉದ್ದೇಶ.

೨

ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ೧೩೫ನೆಯ ಬೀದಿಯ ಶಾಖೆ ತೆರೆದದ್ದು ೧೯೦೫ರಲ್ಲಿ. ಮುಂದಿನ ಒಂದೆರಡು ದಶಕಗಳಲ್ಲಿ ದಕ್ಷಿಣದ ರಾಜ್ಯಗಳಿಂದಲೂ ಕೆರಿಬಿಯನ್ ದ್ವೀಪಗಳಿಂದಲೂ ಬಂದ ಕಪ್ಪು ಜನರು ಹಾರ್ಲೆಮಿನಲ್ಲಿ ನೆಲಸಿದರು. ಶಾಖೆಯ ಓದುಗರೇ ಬೇರೆಯಾದರು. ೧೯೨೦ರಲ್ಲಿ ಶಾಖೆಯ ಹೊಣೆ ಹೊತ್ತ ಅರ್ನೆಸ್ಟೀನ್ ರೋಸ್ ಎಂಬ ಬಿಳಿಯ ಮಹಿಳೆ ಈ ಬದಲಾವಣೆಯನ್ನು ಅರಿತು ನಡೆದರು. ಅದೇ ವರ್ಷ ಕ್ಯಾಥರೀನ್ ಲ್ಯಾಟಿಮರ್ ಅಲ್ಲಿ ನೇಮಕಗೊಂಡರು. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಮೊದಲ ಕಪ್ಪು ಗ್ರಂಥಪಾಲಕಿ ಇವರೇ. ೧೯೨೧ರಲ್ಲಿ ಕಪ್ಪು ಕಲಾವಿದರ ಚಿತ್ರಪ್ರದರ್ಶನ ಅಲ್ಲಿ ನಡೆಯಿತು. ಉಪನ್ಯಾಸ, ಕವಿತಾವಾಚನ, ನೆಲಮಾಳಿಗೆಯಲ್ಲಿ ನಾಟಕ, ಇವೆಲ್ಲ ಕ್ರಮೇಣ ಬೆಳೆದುವು. ಹಾರ್ಲೆಮ್ ನವೋದಯವೆಂದು ನಾವು ಕರೆಯಬಹುದಾದ ಸಾಹಿತ್ಯ ಚಳವಳಿಗೆ ಈ ಕಟ್ಟಡ ಒಂದು ಸಭಾಂಗಣವಾಗಿ ಒದಗಿತೆಂಬುದು ಸುವಿದಿತ.

ಆದರೆ ಸಭೆಗಳು ಮುಗಿದುಹೋಗುತ್ತವೆ, ಉಳಿಯುವುದು ಸಂಗ್ರಹ. ೧೯೨೫ರಲ್ಲಿ ಶಾಖೆಯಲ್ಲಿ, ಅಂದಿನ ರೂಢಿಯ ಹೆಸರಿನಂತೆ, 'ನೀಗ್ರೋ ಸಾಹಿತ್ಯ ಮತ್ತು ಇತಿಹಾಸ ವಿಭಾಗ' ಆರಂಭವಾಯಿತು. ಇಲ್ಲಿಯ ಪುಸ್ತಕಗಳನ್ನು ಸ್ಥಳದಲ್ಲಿಯೇ ಓದಬೇಕಾಗಿತ್ತು. ಲ್ಯಾಟಿಮರ್ ಅವರು ವೃತ್ತಪತ್ರಿಕೆಗಳ ತುಣುಕುಗಳನ್ನೂ ಕತ್ತರಿಸಿ, ವಿಂಗಡಿಸಿ, ಕಡತಗಳಲ್ಲಿ ಸೇರಿಸತೊಡಗಿದರು. ಕಪ್ಪು ಜನರ ಬದುಕನ್ನು ಕುರಿತ ಒಂದು ಸಣ್ಣ ಸುದ್ದಿಯೂ ಉಳಿಸಿಕೊಳ್ಳತಕ್ಕದ್ದು ಎಂಬ ನಿರ್ಣಯ ಈ ಕತ್ತರಿಯ ಕೆಲಸದಲ್ಲಿ ಅಡಗಿದೆ. ಯಾವುದನ್ನು ಉಳಿಸಬೇಕು, ಯಾವುದರ ಪಕ್ಕದಲ್ಲಿ ಯಾವುದನ್ನಿಡಬೇಕು ಎಂಬ ವಿವೇಚನೆ ವಿಮರ್ಶೆಯ ಮೊದಲ ಹೆಜ್ಜೆ.

೩

ಈ ವಿವೇಚನೆಗೆ ಸಿದ್ಧಾಂತದ ರೂಪ ಕೊಟ್ಟವರು ಆರ್ಟುರೋ ಷೋಮ್‌ಬರ್ಗ್. ಇವರು ೧೮೭೪ರಲ್ಲಿ ಪೋರ್ಟೊರಿಕೊ ದ್ವೀಪದಲ್ಲಿ ಜನಿಸಿ, ೧೮೯೧ರಲ್ಲಿ ನ್ಯೂಯಾರ್ಕಿಗೆ ಬಂದರು. ಕಪ್ಪು ಜನರಿಗೆ ಚರಿತ್ರೆಯೆಂಬುದೇ ಇಲ್ಲವೆಂದು ಶಾಲೆಯ ದಿನಗಳಲ್ಲಿ ಕೇಳಿದ ಮಾತು ಇವರ ಜೀವನದ ದಿಕ್ಕನ್ನು ನಿರ್ಧರಿಸಿತೆಂಬ ಪ್ರತೀತಿಯಿದೆ. ವೃತ್ತಿಯಿಂದ ಇವರು ಬ್ಯಾಂಕೊಂದರ ಟಪಾಲು ವಿಭಾಗದ ನೌಕರರು. ವಿಶ್ವವಿದ್ಯಾನಿಲಯದ ಪದವಿ ಇವರಿಗಿರಲಿಲ್ಲ. ಹಳೆಯ ಪುಸ್ತಕ, ಕರಪತ್ರ, ಹಸ್ತಪ್ರತಿ, ಚಿತ್ರ, ಎಲ್ಲವನ್ನೂ ಬಿಡುವಿನ ವೇಳೆಯಲ್ಲಿ ಅರಸಿ ಕೊಂಡರು. ೧೯೨೬ರಲ್ಲಿ ಕಾರ್ನೆಗೀ ಸಂಸ್ಥೆಯ ೧೦,೦೦೦ ಡಾಲರುಗಳ ನೆರವಿನಿಂದ ಇವರ ಸಂಗ್ರಹ ೧೩೫ನೆಯ ಬೀದಿಯ ಶಾಖೆಗೆ ಸೇರಿತು. ಅದರಲ್ಲಿ ೫,೦೦೦ಕ್ಕೂ ಹೆಚ್ಚು ಪುಸ್ತಕಗಳೂ ಸುಮಾರು ೩,೦೦೦ ಹಸ್ತಪ್ರತಿಗಳೂ ಸುಮಾರು ೨,೦೦೦ ಅಚ್ಚುಚಿತ್ರಗಳೂ ಇದ್ದುವು. ೧೯೩೨ರಿಂದ ೧೯೩೮ರಲ್ಲಿ ತೀರಿಕೊಳ್ಳುವವರೆಗೆ ಇವರೇ ಅದರ ಪಾಲಕರಾಗಿದ್ದರು.

೧೯೨೫ರಲ್ಲಿ ಪ್ರಕಟವಾಗಿ, ಅದೇ ವರ್ಷ ಅಲೇನ್ ಲಾಕ್ ಅವರು ಸಂಪಾದಿಸಿದ 'ದ ನ್ಯೂ ನೀಗ್ರೋ' ಸಂಕಲನದಲ್ಲಿ ಸೇರಿದ ಇವರ ಪ್ರಬಂಧವೊಂದು ವಿಮರ್ಶೆಯ ದೃಷ್ಟಿಯಿಂದ ಬಹು ಮುಖ್ಯವಾದುದು. ಅದರ ಪ್ರತಿಪಾದನೆಗಳಲ್ಲಿ ಒಂದು ವಿಶೇಷವಾಗಿ ಗಮನಾರ್ಹ. ಸಾಧನೆಗೈದ ಕಪ್ಪು ವ್ಯಕ್ತಿಯನ್ನು ಲೋಕ ಸದಾ ಅಪವಾದವೆಂದೇ ಎಣಿಸಿತು. ಅಪವಾದವೆಂದು ಹೊಗಳಿ ಅವನ ಜನದಿಂದ ಅವನನ್ನು ಬೇರ್ಪಡಿಸಿತು. ಹೀಗಾಗಿ ಸಮುದಾಯಕ್ಕೆ ಸಲ್ಲಬೇಕಾದ ಮನ್ನಣೆ ಸಲ್ಲದೆ ಹೋಯಿತು ಎಂಬುದು ಅವರ ವಾದದ ಸಾರ. ವೀಟ್ಲಿಯವರ ಪ್ರಮಾಣಪತ್ರವನ್ನು ಈ ಬೆಳಕಿನಲ್ಲಿ ನೋಡಿದರೆ ಅದರ ಅರ್ಥ ಸ್ಪಷ್ಟವಾಗುತ್ತದೆ. ಅದು ಕವಿಯನ್ನು ಒಪ್ಪಿತು, ಆದರೆ ಒಂದು ವಿಸ್ಮಯವೆಂದು ಒಪ್ಪಿತು. ವಿಸ್ಮಯಕ್ಕೆ ಹಿಂದಿಲ್ಲ, ಮುಂದಿಲ್ಲ. ಪರಂಪರೆಗೆ ಎರಡೂ ಉಂಟು.

ಗ್ರಂಥಾಲಯದ ಸಾಲು ಈ ದೋಷಕ್ಕೆ ಪರಿಹಾರವಾಗುತ್ತದೆ. ವೀಟ್ಲಿಯವರ ಕವನಗಳ ಬಳಿ ಬೆಂಜಮಿನ್ ಬ್ಯಾನೆಕರ್ ಅವರ ಪಂಚಾಂಗಗಳು, ಅವುಗಳ ಬಳಿ ಫ್ರೆಡರಿಕ್ ಡಗ್ಲಸ್ ಅವರ ಆತ್ಮಕಥೆ, ಮುಂದೆ ಪಾಲ್ ಲಾರೆನ್ಸ್ ಡನ್ಬಾರ್ ಅವರ ಕವಿತೆಗಳು, ಹೀಗೆ ಇವು ಒಟ್ಟಿಗೆ ಬಂದಾಗ ಯಾವ ಕೃತಿಯೂ ಅಪವಾದವಾಗಿ ಉಳಿಯುವುದಿಲ್ಲ. ೧೮ ಸಹಿಗಳು ಮಾಡಬೇಕಾಗಿದ್ದ ಕೆಲಸವನ್ನು ಸೂಚಿಯ ಕಾರ್ಡುಗಳು ಮಾಡುತ್ತವೆ.

ಷೋಮ್‌ಬರ್ಗರ ವಿಧಾನಕ್ಕೆ ಒಂದು ಮಿತಿಯೂ ಉಂಟು. ಪ್ರಾಚೀನತೆ, ಅಪೂರ್ವತೆ ಇವುಗಳ ಮೇಲೆ ಸಂಗ್ರಾಹಕನಿಗೆ ಸಹಜವಾಗಿಯೇ ಒಲವು. ಒಂದು ಕೃತಿ ಮೊದಲನೆಯದೆಂಬುದರಿಂದ ಅದು ಉತ್ತಮವೆಂದು ಸಿದ್ಧವಾಗದು. ಆದರೂ ಕೃತಿಗಳ ತಾರತಮ್ಯವನ್ನು ನಿರ್ಣಯಿಸಲು ಮೊದಲು ಅವು ಕಣ್ಣ ಮುಂದಿರಬೇಕಷ್ಟೆ. ವಿಮರ್ಶಕನ ಕೆಲಸವನ್ನು ಅವರು ಸಾಧ್ಯವಾಗಿಸಿದರು; ಮುಗಿಸಿದೆನೆಂದು ಅವರು ಹೇಳಲಿಲ್ಲ.

೪

ಇಲ್ಲಿ ಒಂದು ಪೂರ್ವಪಕ್ಷವನ್ನು ಎತ್ತಬಹುದು. ಪ್ರತ್ಯೇಕ ವಿಭಾಗವೆಂದರೆ ಪ್ರತ್ಯೇಕ ಕೇರಿಯಂತೆಯೇ ಅಲ್ಲವೆ? ಕವಿಯನ್ನು ಅವನ ಜನಾಂಗದ ಹೆಸರಿನಲ್ಲಿ ಇರಿಸುವುದು ಗೌರವವೋ ಬಂಧನವೋ? ಈ ಪ್ರಶ್ನೆ ಹೊರಗಿನವರದಲ್ಲ, ಹಾರ್ಲೆಮಿನ ಲೇಖಕರದೇ. ತಾನು ಕವಿಯೆನಿಸಬೇಕೇ ಹೊರತು ನೀಗ್ರೋ ಕವಿಯೆನಿಸಬೇಕಾಗಿಲ್ಲವೆಂದು ಕೌಂಟೀ ಕಲೆನ್ ೧೯೨೪ರಲ್ಲಿ ಹೇಳಿದ್ದರು. ಅಂಥ ಆಸೆಯ ಹಿಂದೆ ಬಿಳಿಯನಾಗುವ ಆಸೆ ಅಡಗಿದೆಯೆಂದು ಲ್ಯಾಂಗ್ಸ್ಟನ್ ಹ್ಯೂಸ್ ೧೯೨೬ರಲ್ಲಿ ವಾದಿಸಿದರು. ಕಲೆನ್ ೧೯೪೬ರಲ್ಲಿ ತೀರಿಕೊಂಡರು. ೧೯೫೧ರಲ್ಲಿ ಹಾರ್ಲೆಮಿನ ಶಾಖೆಗೆ ಅವರ ಹೆಸರನ್ನೇ ಇಡಲಾಯಿತು. ಜನಾಂಗದ ವಿಶೇಷಣವನ್ನು ಬೇಡವೆಂದ ಕವಿಯ ಹೆಸರು, ಆ ವಿಶೇಷಣವನ್ನು ಹೆಮ್ಮೆಯಿಂದ ಧರಿಸಿದ ನೆರೆಯ ಗ್ರಂಥಾಲಯದ ಬಾಗಿಲ ಮೇಲೆ ನಿಂತಿದೆ. ವಾದ ಇತ್ಯರ್ಥವಾಗಲಿಲ್ಲವೆಂಬುದಕ್ಕೆ ಇದೊಂದು ಗುರುತು.

ಈ ಸಮಸ್ಯೆಯನ್ನು ಗ್ರಂಥಾಲಯದ ಒಳಗಿನಿಂದ ಕಂಡ ಲೇಖಕಿ ನೆಲ್ಲಾ ಲಾರ್ಸೆನ್. ಇವರು ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಶಿಕ್ಷಣಶಾಲೆಯಲ್ಲಿ ೧೯೨೩ರಲ್ಲಿ ತೇರ್ಗಡೆಯಾಗಿ, ೧೩೫ನೆಯ ಬೀದಿಯ ಶಾಖೆಯ ಮಕ್ಕಳ ವಿಭಾಗದಲ್ಲಿ ಕೆಲಸ ಮಾಡಿದರು. ಇವರ 'ಕ್ವಿಕ್‌ಸ್ಯಾಂಡ್' ಕಾದಂಬರಿಯ (೧೯೨೮) ನಾಯಕಿ ಹೆಲ್ಗಾ ಕ್ರೇನ್ ಡೇನಿಷ್ ತಾಯಿಗೂ ಕಪ್ಪು ತಂದೆಗೂ ಹುಟ್ಟಿದವಳು. ದಕ್ಷಿಣದ ಶಾಲೆಯೊಂದರ ಕೆಲಸ ಬಿಟ್ಟು ಷಿಕಾಗೋ ಸೇರಿದ ಅವಳು ಅಲ್ಲಿಯ ಗ್ರಂಥಾಲಯದಲ್ಲಿ ಕೆಲಸ ಕೇಳುತ್ತಾಳೆ. ಪುಸ್ತಕಗಳ ಮೇಲಿನ ಪ್ರೀತಿ, ಅವುಗಳ ಪರಿಚಯ ಇಷ್ಟೇ ಸಾಕೆಂದು ಅವಳ ಭಾವನೆ. ತರಬೇತಿ, ಪರೀಕ್ಷೆ, ವರ್ಗೀಕರಣ, ಸೂಚೀರಚನೆ ಎಂಬ ಮಾತುಗಳ ಸಾಲನ್ನು ಕೇಳಿ ಅವಳು ಹಿಂದಿರುಗಬೇಕಾಗುತ್ತದೆ. ಆ ತರಬೇತಿಯನ್ನೆಲ್ಲ ಸ್ವತಃ ಪಡೆದ ಲೇಖಕಿ ಈ ಪುಟ್ಟ ಸನ್ನಿವೇಶವನ್ನು ಬರೆದಿರುವುದರಿಂದ ಅದರ ವ್ಯಂಗ್ಯಕ್ಕೆ ಬಿಗಿ ಬಂದಿದೆ. ಹೆಲ್ಗಾ ಯಾವ ವರ್ಗಕ್ಕೂ ಪೂರ್ಣವಾಗಿ ಸೇರದವಳು. ಕಾದಂಬರಿಯುದ್ದಕ್ಕೂ ಪ್ರತಿಯೊಂದು ಸಮಾಜವೂ ಅವಳಿಗೊಂದು ಚೀಟಿ ಅಂಟಿಸಲು ಯತ್ನಿಸುತ್ತದೆ. ಮನುಷ್ಯರನ್ನು ವಿಂಗಡಿಸುವ ಲೋಕದ ಮೇಲೆ, ಪುಸ್ತಕಗಳನ್ನು ವಿಂಗಡಿಸಿ ಬಲ್ಲ ಕಲಾವಿದೆಯೊಬ್ಬರು ಬರೆದ ಟೀಕೆಯೆಂದು ಇದನ್ನು ಓದಬಹುದು.

ವರ್ಗೀಕರಣ ಅನಿವಾರ್ಯ, ಆದರೆ ಅದು ನಿರ್ದೋಷವೆಂದು ಭಾವಿಸಲಾಗದು. ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾನಿಲಯದ ಗ್ರಂಥಸಂಗ್ರಹದ ಹೊಣೆಯನ್ನು ೧೯೩೦ರಲ್ಲಿ ವಹಿಸಿಕೊಂಡ ಡೊರೊತಿ ಪೋರ್ಟರ್ ಇದನ್ನು ಸ್ಪಷ್ಟವಾಗಿ ಕಂಡರು. ಅಂದಿನ ಗ್ರಂಥಾಲಯಗಳಲ್ಲಿ ಡ್ಯೂಯಿ ದಶಾಂಶ ಪದ್ಧತಿಯನ್ನು ಬಳಸುತ್ತಿದ್ದವರು ಕಪ್ಪು ಜನರಿಗೆ ಸಂಬಂಧಿಸಿದುದೆಲ್ಲವನ್ನೂ ವಲಸೆಗೆ ಮೀಸಲಾದ ೩೨೫, ಗುಲಾಮಗಿರಿಗೆ ಮೀಸಲಾದ ೩೨೬ ಎಂಬ ಎರಡೇ ಸಂಖ್ಯೆಗಳಲ್ಲಿ ತುಂಬುತ್ತಿದ್ದರು. ಜೇಮ್ಸ್ ವೆಲ್ಡನ್ ಜಾನ್ಸನ್ನರ ಕವನಸಂಗ್ರಹ ಕೂಡ ಕಾವ್ಯದ ಕಪಾಟಿಗೆ ಹೋಗದೆ ೩೨೫ಕ್ಕೆ ಹೋಗುತ್ತಿತ್ತು. ಪೋರ್ಟರ್ ಈ ಕ್ರಮವನ್ನು ಕೈಬಿಟ್ಟು, ಪ್ರಕಾರಕ್ಕೂ ಕರ್ತೃವಿಗೂ ಪ್ರಾಧಾನ್ಯವಿತ್ತು ಸಂಗ್ರಹವನ್ನು ಹೊಸದಾಗಿ ಜೋಡಿಸಿದರು.

ಮೇಲಿನ ಪೂರ್ವಪಕ್ಷಕ್ಕೆ ಉತ್ತರವೂ ಇಲ್ಲಿಯೇ ದೊರೆಯುತ್ತದೆಂದು ನನ್ನ ಅಭಿಪ್ರಾಯ. ಬೇರೆ ಕೋಣೆಯೆಂಬುದಲ್ಲ ದೋಷ. ಆ ಕೋಣೆಯೊಳಗೆ ಕಾವ್ಯವನ್ನು ಕಾವ್ಯವೆಂದು ಕರೆಯದಿರುವುದು ದೋಷ. ಪ್ರತ್ಯೇಕ ಸಂಗ್ರಹದೊಳಗೆ ಸಾಹಿತ್ಯದ ಸಮಸ್ತ ಪ್ರಕಾರಗಳೂ ತಮ್ಮ ತಮ್ಮ ಹೆಸರಿನಿಂದ ನಿಂತಾಗ ಆ ಸಂಗ್ರಹ ಕೇರಿಯಾಗುವುದಿಲ್ಲ. ಸಾಮಾನ್ಯ ಕಪಾಟಿನಲ್ಲಿಯೇ ಇದ್ದರೂ, ಕವಿಯನ್ನು ಸಾಮಾಜಿಕ ಸಮಸ್ಯೆಯ ಸಂಖ್ಯೆಯಲ್ಲಿ ಇರಿಸಿದಾಗ ಅವನಿಗೆ ಸ್ಥಾನ ತಪ್ಪುತ್ತದೆ.

೫

ಇದಕ್ಕೆ ಓದುಗನ ಕಡೆಯಿಂದ ಒಂದು ನಿದರ್ಶನ. ಜೇಮ್ಸ್ ಬಾಲ್ಡ್ವಿನ್ ಹಾರ್ಲೆಮಿನಲ್ಲಿ ೧೯೨೪ರಲ್ಲಿ ಹುಟ್ಟಿ, ಬಾಲ್ಯದಲ್ಲಿ ೧೩೫ನೆಯ ಬೀದಿಯ ಶಾಖೆಯ ಪುಸ್ತಕಗಳನ್ನು ಓದಿ ಬೆಳೆದವರು. ೧೯೫೩ರಲ್ಲಿ ಹೊರಬಂದ 'ಗೋ ಟೆಲ್ ಇಟ್ ಆನ್ ದ ಮೌಂಟನ್' ಕಾದಂಬರಿಯಲ್ಲಿ ಹದಿನಾಲ್ಕು ವರ್ಷದ ಜಾನ್, ೪೨ನೆಯ ಬೀದಿಯ ಮುಖ್ಯ ಗ್ರಂಥಾಲಯದ ಕಲ್ಲಿನ ಸಿಂಹಗಳ ಮುಂದೆ ನಿಲ್ಲುತ್ತಾನೆ. ಹಾರ್ಲೆಮ್ ಶಾಖೆಯ ಸದಸ್ಯನಾದ್ದರಿಂದ ಒಳಗೆ ಹೋಗುವ ಹಕ್ಕು ಅವನಿಗುಂಟು. ಆದರೂ ಅವನು ಒಳಗೆ ಹೋದವನಲ್ಲ. ಅಷ್ಟು ದೊಡ್ಡ ಕಟ್ಟಡದಲ್ಲಿ ದಾರಿ ತಪ್ಪಿದರೆ, ಇಂಥ ಸ್ಥಳ ಇವನಿಗೆ ಹೊಸದೆಂದು ಅಲ್ಲಿಯ ಬಿಳಿಯರು ತಿಳಿದು ಕನಿಕರಪಡುವರೆಂಬ ಅಂಜಿಕೆ. ಮೊದಲು ತನ್ನ ಕೇರಿಯ ಪುಸ್ತಕಗಳನ್ನೆಲ್ಲ ಓದಿ ಮುಗಿಸುವೆನೆಂದು ಅವನ ಸಂಕಲ್ಪ. ಕಾರ್ಡು ಕೊಡುವ ಹಕ್ಕಿಗೂ ಮೆಟ್ಟಲೇರುವ ಧೈರ್ಯಕ್ಕೂ ನಡುವಿನ ಅಂತರವನ್ನು ಈ ಕೆಲವೇ ವಾಕ್ಯಗಳು ಅಳೆಯುತ್ತವೆ. ಹಾರ್ಲೆಮಿನ ಶಾಖೆ ಆ ಅಂತರವನ್ನು ಅಳಿಸಲಿಲ್ಲ. ಅದನ್ನು ದಾಟುವವರಿಗೆ ನೆಲೆಯಾಯಿತು.

ಆ ಸಂಗ್ರಹಕ್ಕೆ ೧೯೪೦ರಲ್ಲಿ ಷೋಮ್‌ಬರ್ಗರ ಹೆಸರನ್ನಿಡಲಾಯಿತು. ೧೯೭೨ರಲ್ಲಿ ಅದು ಸಂಶೋಧನ ಗ್ರಂಥಾಲಯದ ಸ್ಥಾನ ಪಡೆಯಿತು. ೧೯೮೦ರಲ್ಲಿ ಹೊಸ ಕಟ್ಟಡ ಬಂದಿತು. ಹ್ಯೂಸ್ ಅವರ ಚಿತಾಭಸ್ಮ ೧೯೯೧ರಿಂದ ಅಲ್ಲಿಯ ನೆಲದ ಕೆಳಗಿದೆ. ಬಾಲ್ಡ್ವಿನ್ ಅವರ ಹಸ್ತಪ್ರತಿಗಳೂ ಕಾಗದಪತ್ರಗಳೂ ೨೦೧೭ರಲ್ಲಿ ಅಲ್ಲಿಗೇ ಸೇರಿದುವು. ಓದುಗನಾಗಿ ಹೋದ ಬಾಲಕ ಕರ್ತೃವಾಗಿ ಸೂಚಿಯಲ್ಲಿ ಸೇರಿದ್ದಾನೆ. ಪರಂಪರೆಯೆಂಬ ಶಬ್ದಕ್ಕೆ ಇದಕ್ಕಿಂತ ನೇರವಾದ ಅರ್ಥವನ್ನು ಹೇಳುವುದು ಕಷ್ಟ.

ಈ ಸಾಹಿತ್ಯವನ್ನು ಬೋಧಿಸುವ ನಮಗೂ ಇದರಿಂದ ಒಂದು ಎಚ್ಚರಿಕೆ ದೊರೆಯುತ್ತದೆ. ಪಠ್ಯಸಂಕಲನದಲ್ಲಿ ವೀಟ್ಲಿಯವರ ಒಂದು ಪದ್ಯವನ್ನೋ ಹ್ಯೂಸ್ ಅವರ ಒಂದು ಕವಿತೆಯನ್ನೋ ಒಂಟಿಯಾಗಿ ಓದಿಸಿ, ಕವಿಯ ಕಷ್ಟಗಳನ್ನು ವರ್ಣಿಸಿ ಮುಗಿಸಿದರೆ, ನಾವೂ ಆ ಹದಿನೆಂಟು ಮಂದಿಯ ಪಂಕ್ತಿಯಲ್ಲಿಯೇ ನಿಲ್ಲುತ್ತೇವೆ: ಕವಿಯನ್ನು ಒಪ್ಪುತ್ತೇವೆ, ಅಪವಾದವೆಂದು ಒಪ್ಪುತ್ತೇವೆ. ಅದರ ಹಿಂದಿನ ಒಂದು ಕೃತಿಯನ್ನೂ ಮುಂದಿನ ಒಂದು ಕೃತಿಯನ್ನೂ ಜೊತೆಗಿಟ್ಟು, ಛಂದಸ್ಸು, ಭಾಷೆ, ಪ್ರಕಾರ ಇವುಗಳ ಪ್ರಶ್ನೆಯನ್ನು ಇತರ ಕವಿಗಳ ವಿಷಯದಲ್ಲಿ ಕೇಳುವಂತೆಯೇ ಇಲ್ಲಿಯೂ ಕೇಳಿದಲ್ಲಿ, ಹಾರ್ಲೆಮಿನ ಗ್ರಂಥಪಾಲರು ಆರಂಭಿಸಿದ ಕೆಲಸ ತರಗತಿಯಲ್ಲಿಯೂ ಮುಂದುವರಿಯುತ್ತದೆ.