‘ಘಟಶ್ರಾದ್ಧ’ವೂ ಅದರ ನಿರ್ದೇಶಕರೂ

ಸಕಲೇಶಪುರ, ಆಲೂರುಗಳ ಗುಡ್ಡಗಾಡಿನಲ್ಲಿ ಬೆಳೆದ ಹಿಂದಿನ ತಲೆಯವರಿಗೆ ಟೂರಿಂಗ್ ಟಾಕೀಸಿನ ಗುಡಾರವು ಎಂತಹ ಸಂಭ್ರಮದ ವಸ್ತುವಾಗಿದ್ದಿತೆಂಬುದನ್ನು ವಿವರಿಸಬೇಕಾದುದಿಲ್ಲ. ಅದೇ ಮಲೆನಾಡಿನ ತೀರ್ಥಹಳ್ಳಿ ಸೀಮೆಯ ಕೆಸಲೂರಿನಲ್ಲಿ 1950ರಲ್ಲಿ ಜನಿಸಿದ ಶ್ರೀ ಗಿರೀಶ ಕಾಸರವಳ್ಳಿಯವರಿಗೂ ಯಕ್ಷಗಾನದೊಡನೆ ಆ ಗುಡಾರವೇ ಬಾಲ್ಯದ ಆಕರ್ಷಣೆಯಾಯಿತು. ಮಣಿಪಾಲದಲ್ಲಿ ಔಷಧಶಾಸ್ತ್ರದ ಪದವಿ ಪಡೆದೂ ಮನಸ್ಸು ಅಲ್ಲಿ ನಿಲ್ಲದೆ, ಪುಣೆಯ ಚಲನಚಿತ್ರ ಸಂಸ್ಥೆಯನ್ನು ಸೇರಿ 1975ರಲ್ಲಿ ವ್ಯಾಸಂಗ ಮುಗಿಸಿದರು. ಅನಂತಮೂರ್ತಿಯವರ ಕಥೆಯನ್ನಾಧರಿಸಿದ ಅವರ ‘ಘಟಶ್ರಾದ್ಧ’ವು 1977ರ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲವನ್ನು ಪಡೆಯಿತು.

ಇದು ವೇದಪಾಠಶಾಲೆಗೆ ಕಳಂಕ ಹಚ್ಚುವ ಚಿತ್ರವೆಂದು ಸಂಪ್ರದಾಯಸ್ಥರು ಮುನಿಯಬಹುದು. ಮುನಿಯುವ ಮೊದಲು ಮನುವನ್ನು ತೆರೆದು ನೋಡುವುದೊಳ್ಳೆಯದು. ಪತಿತನಿಗೆ ಜೀವಂತವಾಗಿರುವಾಗಲೇ ಉದಕಕ್ರಿಯೆ ಮಾಡಿ ಕೊಡವನ್ನುರುಳಿಸುವ ವಿಧಿ ಅಲ್ಲಿ ಉಂಟು, ನಿಜ. ಆದರೆ ಪ್ರಾಯಶ್ಚಿತ್ತವಾದ ಬಳಿಕ ಅವನನ್ನು ಮರಳಿ ಕೂಡಿಸಿಕೊಳ್ಳುವ ವಿಧಿಯೂ ಅಲ್ಲಿಯೇ ಉಂಟು. ಪತಿತೆಯಾದ ಹೆಂಗಸಿಗಂತೂ ಅನ್ನವಸ್ತ್ರಗಳನ್ನಿತ್ತು ಮನೆಯ ಬಳಿಯಲ್ಲಿಯೇ ಇರಗೊಡಬೇಕೆಂದಿದೆ. ಉಡುಪರ ಅಗ್ರಹಾರವು ಮೊದಲರ್ಧವನ್ನು ಮಾತ್ರ ಬಾಯಿಪಾಠ ಮಾಡಿದೆ. ಚಿತ್ರದ ಪೆಟ್ಟು ಬೀಳುವುದು ಶಾಸ್ತ್ರಕ್ಕಲ್ಲ, ಈ ಅರೆ ಓದಿಗೆ.

ಬಾಲವಿಧವೆ ಯಮುನೆಯ ದುರವಸ್ಥೆಯನ್ನು ನಾಣಿಯೆಂಬ ಎಳೆಯ ವಿದ್ಯಾರ್ಥಿಯ ಕಣ್ಣಿನಿಂದ ತೋರಿಸಿರುವುದು ಉಚಿತವಾಗಿದೆ. ಹುಡುಗನಿಗೆ ಮಂತ್ರದ ಅರ್ಥ ತಿಳಿಯದು, ಅವಳ ಅಳು ತಿಳಿಯುತ್ತದೆ. ಎಸ್. ರಾಮಚಂದ್ರರ ಕಪ್ಪು-ಬಿಳುಪು ಛಾಯಾಗ್ರಹಣದಲ್ಲಿ ಮಲೆನಾಡಿನ ಕತ್ತಲೆ ತಾನೇ ಒಂದು ಪಾತ್ರವಾಗಿದೆ. ಅವಳನ್ನು ಕೆಡಿಸಿದ ಶಾಲಾಮಾಸ್ತರನ ಚಿತ್ರಣ ಮಾತ್ರ ತೆಳುವಾಯಿತು. (ಉಪಾಧ್ಯಾಯವರ್ಗಕ್ಕೆ ಅಷ್ಟು ದಾಕ್ಷಿಣ್ಯ ತೋರಿಸಬೇಕಾಗಿರಲಿಲ್ಲ.) ಕಡೆಯಲ್ಲಿ ತಲೆ ಬೋಳಿಸಿದ ಯಮುನೆ ಮರದ ಕೆಳಗೆ ಕುಳಿತಿದ್ದಾಳೆ, ತಂದೆಯೊಡನೆ ಊರಿಗೆ ಹೊರಟ ನಾಣಿ ಅವಳನ್ನು ನೋಡುತ್ತಾನೆ.