ಹಿಮದ ಮೇಲೆ ಕಪ್ಪು ವೈಸರ್ ಯಾಕೆ ಬೇಡ

ಸ್ನೋಮೊಬೈಲ್ ಓಡಿಸಲು ಹೆಲ್ಮೆಟ್ ಕೊಳ್ಳುವವರ ಕೈ ಮೊದಲು ಹೋಗುವುದು ಕಪ್ಪು ವೈಸರಿನ ಕಡೆಗೆ. ಎಲ್ಲೆಲ್ಲೂ ಬಿಳಿ ಹಿಮ, ಅದರ ಮೇಲೆ ಬಿಸಿಲು. ಗಾಜು ಕಪ್ಪಾಗಿದ್ದಷ್ಟೂ ಒಳ್ಳೆಯದು ಅನ್ನಿಸುತ್ತದೆ. ಆದರೆ ಬದಲಾಗುವ ಬೆಳಕಿಗೆ ಇದಕ್ಕಿಂತ ಕೆಟ್ಟ ಆಯ್ಕೆ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಸ್ನೋಮೊಬೈಲ್ ತಯಾರಿಸುವ ಪೊಲಾರಿಸ್ ಕಂಪನಿ 1954ರಲ್ಲಿ ಹುಟ್ಟಿದ್ದು ಅಮೆರಿಕದ ಮಿನೆಸೋಟಾ ರಾಜ್ಯದ ಉತ್ತರ ತುದಿಯ ರೋಸೋ ಊರಿನಲ್ಲಿ. ಆ ಸೀಮೆಯಲ್ಲಿ ಡಿಸೆಂಬರಿನ ಸೂರ್ಯ ಸಂಜೆ ನಾಲ್ಕೂವರೆಯ ಹೊತ್ತಿಗೆಲ್ಲ ಮುಳುಗಿಬಿಡುತ್ತಾನೆ. ಮಧ್ಯಾಹ್ನ ಉಂಡು ಹೊರಟವರಿಗೆ ಹೆಪ್ಪುಗಟ್ಟಿದ ಸರೋವರದ ಮೇಲೆ ಕಣ್ಣು ಕುಕ್ಕುವ ಬಿಸಿಲು, ಪೈನ್ ಕಾಡು ಹೊಕ್ಕರೆ ಮಬ್ಬು, ಮೋಡ ಕವಿದರೆ ಬೂದು, ಮರಳುವಾಗ ಹೆಡ್‌ಲೈಟ್ ಎದುರಾಗುತ್ತವೆ. ಕಪ್ಪು ವೈಸರ್ ಮೊದಲನೆಯದಕ್ಕಷ್ಟೇ ಹೊಂದುತ್ತದೆ. ಯುರೋಪಿನ ವರ್ಗೀಕರಣದಲ್ಲಿ ಮೂರನೇ ದರ್ಜೆಯ ಸ್ಕೀ ಕನ್ನಡಕ ಒಳಬಿಡುವುದು ಶೇ. 8ರಿಂದ 18ರಷ್ಟು ಬೆಳಕನ್ನು ಮಾತ್ರ. ಗಂಟೆಗೆ 60 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಆ ವೇಗದಲ್ಲಿ, ಅಷ್ಟು ಕಪ್ಪು ಗಾಜಿನೊಳಗಿಂದ ಕಾಡಿನ ತಿರುವಿನಲ್ಲಿ ಎದುರು ಬರುವ ಗಾಡಿಯನ್ನು ಗುರುತಿಸಬೇಕು.

ಆದರೂ ಅತಿ ಹೆಚ್ಚು ಮೋಸ ಮಾಡುವುದು ಕಾಡಿನ ಮಬ್ಬಲ್ಲ, ಮೋಡದ ಬೆಳಕು. ಅದು ಎಲ್ಲ ದಿಕ್ಕಿನಿಂದ ಒಂದೇ ಸಮನೆ ಬೀಳುವುದರಿಂದ ನೆರಳೇ ಇರುವುದಿಲ್ಲ. ನೆರಳಿಲ್ಲದ ಹಿಮದಲ್ಲಿ ಗುಂಡಿ, ದಿಬ್ಬ, ಗಾಳಿ ಒಟ್ಟಿದ ಹಿಮದ ಸಾಲು, ಮುಂದೆ ಹೋದ ಗಾಡಿಯ ಜಾಡು ಎಲ್ಲವೂ ಒಂದೇ ಬಿಳಿ. ಕಣ್ಣಿಗೆ ಸಪಾಟಾಗಿ ಕಂಡ ಜಾಗದಲ್ಲಿ ಗಾಡಿ ಧಡಕ್ಕನೆ ಕೆಳಗಿಳಿಯುತ್ತದೆ. ಇಲ್ಲಿ ಹಳದಿ, ಕಿತ್ತಳೆ, ಗುಲಾಬಿ ಬಣ್ಣದ ಗಾಜುಗಳಿಗೆ ನಿಜವಾದ ಬೆಲೆಯಿದೆ. ಅವು ಬೆಳಕಿನ ನೀಲಿ ಭಾಗವನ್ನು ತಡೆದು, ಉಳಿದಿರುವ ಸಣ್ಣ ಏರುತಗ್ಗಿನ ಅಂಚನ್ನು ಎತ್ತಿ ತೋರಿಸುತ್ತವೆ. ಇಲ್ಲದ ನೆರಳನ್ನು ಅವೂ ಸೃಷ್ಟಿಸಲಾರವು. ಕತ್ತಲಾದ ಮೇಲಂತೂ ಹಳದಿ ಗಾಜು ಇರುವ ಬೆಳಕನ್ನೂ ಕಡಿಮೆ ಮಾಡುತ್ತದೆ.

ಬಣ್ಣ ಕಡುವಾದರೆ ಕಣ್ಣಿಗೆ ರಕ್ಷಣೆ ಹೆಚ್ಚು ಎಂಬ ನಂಬಿಕೆಯೂ ತಪ್ಪು. ಹೊಸ ಹಿಮ ನೇರಳಾತೀತ ಕಿರಣಗಳಲ್ಲಿ ಶೇ. 80ರವರೆಗೂ ಪ್ರತಿಫಲಿಸಬಲ್ಲದು, ಹಿಮಗುರುಡಿಗೆ ಅದೇ ಕಾರಣ. ಆದರೆ ವೈಸರಿಗೆ ಬಳಸುವ ಪಾಲಿಕಾರ್ಬೊನೇಟ್ ಬಣ್ಣವಿಲ್ಲದೆಯೂ ಆ ಕಿರಣಗಳನ್ನು ಬಹುಪಾಲು ತಡೆಯುತ್ತದೆ.

ಬಿಸಿಲಿಗೆ ತಾನೇ ಕಪ್ಪಾಗುವ ಫೋಟೊಕ್ರೋಮಿಕ್ ವೈಸರ್ ಎಲ್ಲಕ್ಕೂ ಪರಿಹಾರವೆಂಬಂತೆ ಕಾಣುತ್ತದೆ, ಬೆಲೆಯೂ ಹಾಗೇ ಇರುತ್ತದೆ. ಆದರೆ ಚಳಿಯಲ್ಲಿ ಅದು ಇನ್ನಷ್ಟು ಕಪ್ಪಾಗುತ್ತದೆ, ತಿಳಿಯಾಗಲು ಇನ್ನಷ್ಟು ಹೊತ್ತು ಹಿಡಿಯುತ್ತದೆ. ಕಾಡು ಅಷ್ಟು ಹೊತ್ತು ಕಾಯುವುದಿಲ್ಲ. ಪೋಲರೈಸ್ಡ್ ಗಾಜಿನದು ಬೇರೆ ತೊಂದರೆ: ಅದು ಅಳಿಸಿಹಾಕುವ ಹೊಳಪಿನಿಂದಲೇ ಸವಾರ ಜಾರುವ ಮಂಜುಗಡ್ಡೆಯನ್ನು ಗುರುತಿಸುವುದು.

ಇನ್ನು ಉಸಿರಿನ ಆವಿ. ಸೊನ್ನೆಗಿಂತ 20 ಡಿಗ್ರಿ ಕೆಳಗೆ ಅದು ಗಾಜಿನ ಒಳಮೈಯಲ್ಲಿ ಹೆಪ್ಪುಗಟ್ಟಿದರೆ ಯಾವ ಬಣ್ಣದ ವೈಸರೂ ಕೆಲಸಕ್ಕೆ ಬಾರದು. ಆರ್ಕ್‌ಟಿಕ್‌ನ ಇನ್ಯೂಟ್ ಜನ ಮೂಳೆ, ಮರದಲ್ಲಿ ಕೆತ್ತಿದ ಸೀಳುಗಣ್ಣಿನ ಕನ್ನಡಕ ನನಗೆ ಬಹಳ ಮೆಚ್ಚುಗೆಯಾಗುವುದು ಇದಕ್ಕೇ. ಅದರಲ್ಲಿ ಗಾಜೇ ಇಲ್ಲ. ಸಣ್ಣ ಸೀಳಿನಿಂದ ಬೇಕಾದಷ್ಟೇ ಬೆಳಕು ಬರುತ್ತದೆ, ಆವಿ ಕಟ್ಟಲು ಜಾಗವಿಲ್ಲ.

ನನ್ನ ಆಯ್ಕೆ ಹೀಗೆ: ಬಣ್ಣವಿಲ್ಲದ, ಎರಡು ಪದರದ ವೈಸರ್, ಕೈಗೆಟುಕಿದರೆ ವಿದ್ಯುತ್ತಿನಿಂದ ಬಿಸಿಯಾಗುವಂಥದು. ಅದರ ಒಳಗೆ ಬೇಕೆಂದಾಗ ಇಳಿಸಿ, ಬೇಡವೆಂದಾಗ ಏರಿಸುವ ಚಿಕ್ಕ ಕಪ್ಪು ಪರದೆ. ದಾರಿಯಲ್ಲಿ ಸಿಗಬಹುದಾದ ಅತಿ ಮಂದ ಬೆಳಕಿಗೆ ಗಾಜು ಆರಿಸಿ, ಹೆಚ್ಚಾದ ಬೆಳಕನ್ನು ಪರದೆಯಿಂದ ಕಳೆಯುವ ಕ್ರಮವಿದು. ಕೊರತೆ ಇಲ್ಲದಿಲ್ಲ. ಒಳಪರದೆ ಮೂಗಿಗೆ ಹತ್ತಿರವಿರುವುದರಿಂದ ಬೇಗ ಮಂಕಾಗುತ್ತದೆ. ಹಲವು ಹೆಲ್ಮೆಟ್‌ಗಳಲ್ಲಿ ಅದು ಗಿಡ್ಡ. ಹಿಮದಿಂದ ಮೇಲಕ್ಕೆ ಚಿಮ್ಮುವ ಬೆಳಕು ಕೆಳಗಿನ ಸಂದಿಯಿಂದ ಕಣ್ಣಿಗೆ ಬೀಳುತ್ತದೆ. ಆದರೂ ಒಂದೇ ಕೈಚಲನೆಯಲ್ಲಿ, ಗಾಡಿ ನಿಲ್ಲಿಸದೆ ಬದಲಿಸಬಹುದಾದ ವ್ಯವಸ್ಥೆ ಇದು. ಬಯಲು ಬೆಟ್ಟಗಳಲ್ಲಿ ಗಾಗಲ್ಸ್ ಹಾಕುವ ಸವಾರರು ಕಿತ್ತಳೆ ಗಾಜು ಹಾಕಿಕೊಂಡು, ಬಣ್ಣವಿಲ್ಲದ ಇನ್ನೊಂದನ್ನು ಒಣ ಚೀಲದಲ್ಲಿ ಜೊತೆಗಿಟ್ಟುಕೊಂಡರೆ ಸಾಕು.

ಕಾಶ್ಮೀರದ ಗುಲ್ಮಾರ್ಗ್, ಹಿಮಾಚಲದ ಸೋಲಾಂಗ್ ಕಡೆ ಬಾಡಿಗೆಗೆ ಹಿಮದ ಗಾಡಿ ಹತ್ತುವ ನಮ್ಮವರು ಬಹಳ ಮಂದಿ. ಅಲ್ಲಿ ಹೆಲ್ಮೆಟ್ ಕೊಟ್ಟರೆ ಹತ್ತುವ ಮೊದಲು ಅದನ್ನು ಹಾಕಿಕೊಂಡು ನೆರಳಿರುವ ಕಡೆ ನಿಂತು ಹಿಮವನ್ನು ನೋಡಿ. ಹತ್ತು ಹೆಜ್ಜೆ ಆಚೆಗಿನ ಏರುತಗ್ಗು ಸ್ಪಷ್ಟವಾಗಿ ಕಾಣದಿದ್ದರೆ ಬೇರೆ ಹೆಲ್ಮೆಟ್ ಕೇಳಿ. ಕೊಡದಿದ್ದರೆ ಆ ಗಾಡಿ ಹತ್ತಬೇಡಿ.