ಬಿಟ್ಟಿ ಜಗಲಿ

ನಾವು, ನಮ್ಮ ಬಡಾವಣೆಯ ಮಹಿಳಾ ಮಂಡಲದವರು, ಮೂರು ವರ್ಷ ಮನೆಮನೆ ಅಲೆದು ಬೀಸುವ ಪದ, ಸೋಬಾನೆ ಪದ, ತೊಟ್ಟಿಲ ಹಾಡು ಎಂದು ನೂರಮೂವತ್ತು ಹಾಡುಗಳನ್ನು ಮೊಬೈಲಿನಲ್ಲಿ ಹಿಡಿದಿಟ್ಟಿದ್ದೆವು. ಅವನ್ನು ಎಲ್ಲರಿಗೂ ಕೇಳಿಸುವಂತೆ ಇಡುವುದೆಲ್ಲಿ ಎಂಬ ಪ್ರಶ್ನೆ ಬಂದಾಗ ಯಾರೋ ಒಂದು ಕಂಪನಿಯ ತಾಣ ತೋರಿಸಿದರು. ದುಡ್ಡು ಕೊಡಬೇಕಿಲ್ಲ, ನೋಡಲು ಚೆಂದ, ಗುಂಡಿ ಒತ್ತಿದರೆ ಹಾಡು ಏರಿ ಕೂರುತ್ತದೆ. ಪ್ರತಿ ಹಾಡಿನ ಕೆಳಗೆ ಹಾಡಿದವರ ಹೆಸರು, ಊರು, ಯಾವ ಶಾಸ್ತ್ರಕ್ಕೆ ಹಾಡುತ್ತಾರೆ ಎಂಬುದನ್ನೆಲ್ಲ ನಾನೇ ಕೂತು ಬರೆದೆ. ಒಂದು ದಿನ, ಸೇವೆ ನಿಲ್ಲಿಸುತ್ತಿದ್ದೇವೆ ಎಂದು ಇಂಗ್ಲಿಷಿನಲ್ಲಿ ಓಲೆ ಬಂತು. ಹಾಡುಗಳನ್ನು ಒಂದೊಂದಾಗಿ ಇಳಿಸಿಕೊಂಡೆವು. ಕೆಳಗಿನ ಬರಹ ಜೊತೆಗೆ ಬರಲಿಲ್ಲ. ಕೈಯಲ್ಲಿ ನಕಲು ಮಾಡುತ್ತಾ ಅರ್ಧಕ್ಕೆ ಬರುವಷ್ಟರಲ್ಲಿ ಗಡುವು ಮುಗಿಯಿತು.

ಇಂಗ್ಲಿಷಿನ 'ಫ್ರೀ' ಎಂಬ ಪದಕ್ಕೆ ಬಿಟ್ಟಿ ಎಂಬ ಅರ್ಥವೂ ಇದೆ, ಸ್ವತಂತ್ರ ಎಂಬ ಅರ್ಥವೂ ಇದೆ. ನಮಗೆ ಎರಡು ಬೇರೆ ಪದಗಳಿದ್ದೂ ನಾವು ಮೋಸಹೋದೆವಲ್ಲ! ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಹೂಡಿದ ಚಳವಳಿ ಹೇಳುವ ಸ್ವತಂತ್ರ ತಂತ್ರಾಂಶವೆಂದರೆ ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ನಮಗೆ ಸಿಕ್ಕಿದ್ದು ಬಿಟ್ಟಿ ಜಗಲಿ. ಮನೆಯ ಯಜಮಾನ ಏಳಿ ಎಂದರೆ ಏಳಬೇಕು.

ನಮ್ಮಂಥವರು ಹಾಗಿರಲಿ, ಬಲ್ಲವರೂ ಎಡವಿದ್ದಾರೆ. ಲಿನಕ್ಸ್ ಎಂಬ ಸ್ವತಂತ್ರ ತಂತ್ರಾಂಶವನ್ನು ಲೋಕದ ನಾನಾ ಕಡೆಯ ಜನ ಸೇರಿ ಬರೆಯುತ್ತಾರೆ. ಅವರ ತಿದ್ದುಪಡಿಗಳನ್ನೆಲ್ಲ ಜೋಡಿಸಿಡಲು ಲಿನಸ್ ಟೋರ್ವಾಲ್ಡ್ಸ್ 2002ರಲ್ಲಿ ಬಿಟ್‌ಕೀಪರ್ ಎಂಬ ಖಾಸಗಿ ಒಡೆತನದ ಸಾಧನವನ್ನು ಆರಿಸಿಕೊಂಡರು. ಕಂಪನಿ ಅದನ್ನು ಬಿಟ್ಟಿಯಾಗಿಯೇ ಕೊಟ್ಟಿತ್ತು, ಆದರೆ ಅದಕ್ಕೆ ಪೈಪೋಟಿಯಾಗುವಂಥದ್ದನ್ನು ಕಟ್ಟಬಾರದೆಂಬ ಕರಾರಿನ ಮೇಲೆ. ಬೇಡವೆಂದು ಆಗಲೇ ಹಲವರು ಹೇಳಿದ್ದರು. 2005ರಲ್ಲಿ ಆಂಡ್ರ್ಯೂ ಟ್ರಿಡ್ಜೆಲ್ ಅದರೊಡನೆ ಮಾತಾಡುವ ಸ್ವತಂತ್ರ ಸಾಧನವೊಂದನ್ನು ಬರೆದದ್ದೇ ನೆಪವಾಗಿ ಕಂಪನಿ ಬಿಟ್ಟಿ ಅನುಮತಿಯನ್ನು ಹಿಂತೆಗೆದುಕೊಂಡಿತು. ಟೋರ್ವಾಲ್ಡ್ಸ್ ಆ ಏಪ್ರಿಲ್ ತಿಂಗಳಲ್ಲೇ ಗಿಟ್ ಎಂಬ ಸಾಧನವನ್ನು ತಾವೇ ಬರೆದುಕೊಂಡರು. ಅವರಿಗದು ಸಾಧ್ಯವಾಯಿತು. ನಮ್ಮ ಕಾರ್ಯದರ್ಶಿಯವರಿಗೆ ಮಂಡಲದ ಲೆಕ್ಕ ಬರೆಯುವುದೇ ಕಷ್ಟ.

ಹಾಗೆಂದು ತಂತ್ರಾಂಶ ಸ್ವತಂತ್ರವಾಗಿದ್ದರೆ ಸಾಕು ಎನ್ನುವವರ ಮಾತನ್ನೂ ನಾನು ಒಪ್ಪಲಾರೆ. ವಿಕಿಟ್ರಾವೆಲ್ ಎಂಬ ಪ್ರವಾಸ ಕೈಪಿಡಿಯನ್ನು ದಂಪತಿಗಳಿಬ್ಬರು 2003ರಲ್ಲಿ ಆರಂಭಿಸಿದ್ದರು. ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ಎಂಬ ಸ್ವತಂತ್ರ ತಂತ್ರಾಂಶವೇ ಅದಕ್ಕೂ. ಯಾವ ಊರಲ್ಲಿ ಎಲ್ಲಿ ಇಳಿದುಕೊಳ್ಳಬೇಕು, ಏನು ತಿನ್ನಬೇಕು ಎಂದು ಜನ ಸಂಬಳವಿಲ್ಲದೆ ಬರೆದರು. 2006ರಲ್ಲಿ ಅದು ಇಂಟರ್‌ನೆಟ್ ಬ್ರ್ಯಾಂಡ್ಸ್ ಎಂಬ ಕಂಪನಿಗೆ ಮಾರಾಟವಾಯಿತು. ಹಿಡಿಸದ ಜರ್ಮನ್ ಬರಹಗಾರರು ಆ ವರ್ಷವೇ ಬೇರೆಯಾಗಿ ವಿಕಿವಾಯೇಜ್ ಕಟ್ಟಿಕೊಂಡರು. ಜಾಹೀರಾತಿನ ಕಾಟಕ್ಕೆ ಬೇಸತ್ತು 2012ರಲ್ಲಿ ಇಂಗ್ಲಿಷಿನವರೂ ಹೊರಟಾಗ ಕಂಪನಿ ಇಬ್ಬರು ಸ್ವಯಂಸೇವಕರ ಮೇಲೆ ಮೊಕದ್ದಮೆ ಹೂಡಿತು. ಆದರೂ ಲೇಖನಗಳು ಅವರ ಕೈಬಿಡಲಿಲ್ಲ. ಬರೆದವರ ಹೆಸರು ಹೇಳಿ ಯಾರೂ ನಕಲು ಮಾಡಿಕೊಳ್ಳಬಹುದೆಂದು ಮೊದಲ ದಿನವೇ ಪರವಾನಗಿಯಲ್ಲಿ ಬರೆದಿಟ್ಟಿದ್ದರಲ್ಲ! 2013ರ ಜನವರಿಯಲ್ಲಿ ಎಲ್ಲವೂ ವಿಕಿಪೀಡಿಯ ನಡೆಸುವ ಸಂಸ್ಥೆಯ ಆಸರೆಗೆ ಬಂತು. ಹಳೆಯ ಹೆಸರು ಮಾತ್ರ ಕಂಪನಿಯ ಬಳಿಯೇ ಉಳಿಯಿತು.

ಜಗಳವಾದ ದಿನ ಗಂಟುಮೂಟೆ ಕಟ್ಟಿ ಹೊರಡಬಹುದೇ, ಏನು ಜೊತೆಗೆ ಬರುತ್ತದೆ, ಏನು ಹಿಂದುಳಿಯುತ್ತದೆ? ನಾವು ಮೊದಲ ದಿನ ಕೇಳಬೇಕಾಗಿದ್ದದ್ದು ಇಷ್ಟು. ಮೈಕ್ರೋಸಾಫ್ಟ್ 2018ರಲ್ಲಿ 750 ಕೋಟಿ ಡಾಲರಿಗೆ ಕೊಂಡ ಗಿಟ್‌ಹಬ್ ತಾಣದಲ್ಲಿ ಲೆಕ್ಕವಿಲ್ಲದಷ್ಟು ಸ್ವತಂತ್ರ ತಂತ್ರಾಂಶಗಳಿವೆ. ತಾಣದ ತಂತ್ರಾಂಶ ಮಾತ್ರ ಕಂಪನಿಯದೇ. ಗಿಟ್‌ನ ಗುಣದಿಂದ ಕೆಲಸದ ಪೂರ್ತಿ ಪ್ರತಿ ಪ್ರತಿಯೊಬ್ಬರ ಬಳಿಯೂ ಇರುತ್ತದೆ. ಆದರೆ ದೋಷ ತೋರಿಸಿದವರ ಮಾತು, ಚರ್ಚೆ ಇವೆಲ್ಲ ಆ ಪ್ರತಿಯೊಳಗೆ ಬರುವುದಿಲ್ಲ, ಬೇರೆಯಾಗಿಯೇ ತೆಗೆದುಕೊಳ್ಳಬೇಕು. ನಮ್ಮ ಹಾಡಿನ ಕೆಳಗಿನ ಹೆಸರುಗಳಂತೆ.

ಈ ಬಾರಿ ಮೀಡಿಯಾವಿಕಿಯನ್ನೇ ಆರಿಸಿದ್ದೇವೆ. ಬಿಟ್ಟಿಯೇನಲ್ಲ. ಜಾಗಕ್ಕೆ ವರ್ಷದ ಬಾಡಿಗೆಯಿದೆ, ತಂತ್ರಾಂಶ ಹಳತಾಗದಂತೆ ನೋಡಿಕೊಳ್ಳುವವರು ಬೇಕು, ಆ ಕಸಗುಡಿಸುವ ಕೆಲಸದ ಮಾತನ್ನು ಸ್ವಾತಂತ್ರ್ಯದ ಭಾಷಣಕಾರರು ಎತ್ತುವುದೇ ಇಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಪ್ಪಿಕೊಂಡಿದ್ದಾಳೆ; ಇನ್ನಿಬ್ಬರಿಗೆ ಕಲಿಸಬೇಕೆಂಬ ಕರಾರನ್ನು ನಾನೇ ಹಾಕಿದೆ. ತಿಂಗಳಿಗೊಮ್ಮೆ ಹಾಡು, ಬರಹ ಎರಡರ ಪ್ರತಿಯೂ ಪೆನ್‌ಡ್ರೈವಿನಲ್ಲಿ ಮಂಡಲದ ಬೀರುವಿಗೆ ಹೋಗುತ್ತದೆ.

ಕಳೆದುಹೋದ ಹೆಸರುಗಳಿಗಾಗಿ ಭಾನುವಾರಗಳಂದು ಮತ್ತೆ ಊರು ತಿರುಗುತ್ತಿದ್ದೇವೆ. ಒಂದು ಮನೆಯಲ್ಲಿ ಹಾಡು ಹಾಕಿದ ಕೂಡಲೇ ಸೊಸೆ ಅಡುಗೆಮನೆಯಿಂದ ಓಡಿಬಂದು, ಇದು ನಮ್ಮತ್ತೆಯ ದನಿ ಎಂದಳು. ಅತ್ತೆ ತೀರಿಕೊಂಡು ಎರಡು ವರ್ಷವಾಗಿತ್ತು. ಇನ್ನೂ ಹದಿನೇಳು ಹಾಡುಗಳು ಉಳಿದಿವೆ.